ಎಂಬತ್ತಾರನೆಯ ನೀಲಿ ಚೀಟಿ

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನಮ್ಮ ವಿಭಾಗದ ಬಾಗಿಲಿಗೆ ಹೆಸರಿರಲಿಲ್ಲ, ‘ಏಳನೇ ಕೊಠಡಿ’ ಎಂದಷ್ಟೇ ಇತ್ತು. ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆಗಳಿಗೆ ಅಲ್ಲಿ ಪರೀಕ್ಷೆ ಮತ್ತು ಔಷಧಿ. ಬರುವವರೆಲ್ಲ ತಲೆ ತಗ್ಗಿಸಿಕೊಂಡೇ ಬರುತ್ತಿದ್ದರು. ಅವರನ್ನು ಕೂರಿಸಿ, ಮಾತಾಡಿಸಿ, ಹೆದರಿಕೆ ಇಳಿಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದೆ.

ನೀಲಿ ಚೀಟಿ ನನ್ನದೇ ಯೋಚನೆ. ಗಂಡನಿಗೆ ಸೋಂಕಿದ್ದರೆ ಹೆಂಡತಿಗೂ ಪರೀಕ್ಷೆ ಆಗಬೇಕು. ಆದರೆ ರೋಗದ ಹೆಸರು ಬರೆದ ಕಾಗದ ಮನೆಯಲ್ಲಿ ಯಾರದಾದರೂ ಕೈಗೆ ಸಿಕ್ಕರೆ ಆ ಸಂಸಾರದ ಗತಿಯೇನು? ಅದಕ್ಕೇ ಬೆರಳುದ್ದದ ನೀಲಿ ರಟ್ಟಿನ ತುಂಡು ಮಾಡಿಸಿದೆ. ಅದರ ಮೇಲೆ ಗಂಡನ ಫೈಲಿನ ನಂಬರು ಮಾತ್ರ. ಹೆಂಡತಿ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರೆ ಸಾಕು, ಬಾಯಿ ಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ಎಷ್ಟೋ ಹೆಂಗಸರು ಹಾಗೆಯೇ ಚೀಟಿಯಿಟ್ಟು, ಗೋಡೆ ನೋಡುತ್ತ ನಿಂತುಬಿಡುತ್ತಿದ್ದರು. ಉಳಿದದ್ದು ನನಗೆ ಗೊತ್ತಿರುತ್ತಿತ್ತು.

ಆ ವರ್ಷದ ಎಂಬತ್ತಾರನೇ ಫೈಲು ಒಬ್ಬ ಪೇಂಟರನದು. ಉಗುರಿನ ಸಂದಿಯಲ್ಲೆಲ್ಲ ಸುಣ್ಣದ ಬಿಳಿ. ದೂರದಲ್ಲಿ ಯಾವುದೋ ದೊಡ್ಡ ಕಟ್ಟಡಕ್ಕೆ ಬಣ್ಣ ಬಳಿಯಲು ಎರಡು ತಿಂಗಳು ಹೋಗಿ ಬಂದಿದ್ದ. ರಕ್ತದಲ್ಲಿ ಸಿಫಿಲಿಸ್ ಇತ್ತು. ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತು ಅತ್ತ.

“ನನ್ನ ಹೆಂಡತಿಗೆ ನಾಲ್ಕು ತಿಂಗಳಕ್ಕ. ಅವಳಿಗೇನು ಹೇಳ್ಲಿ?”

“ಏನೂ ಹೇಳೋದು ಬೇಡಪ್ಪ. ಈ ಚೀಟಿ ಕೊಟ್ಟು ಕಳಿಸು, ಇಲ್ಲಿ ರಕ್ತ ನೋಡ್ತಾರೆ ಅನ್ನು. ಬೇಗ ಇಂಜೆಕ್ಷನ್ ಬಿದ್ರೆ ಮಗು ಉಳಿಯತ್ತೆ. ಈ ವಾರವೇ ಕಳಿಸು.”

ಫೋನ್ ನಂಬರು ಕೊಡಲು ಅವನು ಹೆದರಿದ. ಬಲವಂತ ಮಾಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ಮುಂದಿನ ಸೋಮವಾರವೇ ಊರೆಲ್ಲ ಮುಚ್ಚಿತು. ಸಾಂಕ್ರಾಮಿಕ ನಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿತ್ತು. ಏಳನೇ ಕೊಠಡಿಯ ಮಂಚ ಹೊರಗೆ ಹೋಯಿತು, ಗಂಟಲು ದ್ರವ ತೆಗೆಯುವ ಮೇಜು ಒಳಗೆ ಬಂತು. ನನಗೆ ಬಿಳಿ ಅಂಗಿ, ಮುಖಕ್ಕೆ ಕನ್ನಡಕದಂಥ ಗಾಜು ಹಾಕಿಸಿ, ಟ್ಯೂಬುಗಳ ಮೇಲೆ ನಂಬರು ಬರೆಯಲು, ಫಲಿತಾಂಶ ಬಂದಮೇಲೆ ಫೋನ್ ಮಾಡಲು ಕೂರಿಸಿದರು.

ಗೇಟಿನ ಕಾವಲುಗಾರನನ್ನು ನಾವೆಲ್ಲ ಮೀಸೆಯಣ್ಣ ಎನ್ನುತ್ತಿದ್ದೆವು. “ಮೂವತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಮೇಡಂ, ಈಗ ಮಾಸ್ಕಿನೊಳಗೆ ಜೈಲು,” ಎಂದು ಗೊಣಗುತ್ತ, ಮೂರನೇ ದಿನ ಅವನು ನನ್ನ ಬೀರು ತೆರೆದು ನಿಂತ. ಸರದಿಯ ಟೋಕನ್ ಬರೆಯಲು ಕಾಗದ ಮುಗಿದಿತ್ತು, ಅಂಗಡಿಗಳೆಲ್ಲ ಬಂದ್.

“ಈ ನೀಲಿ ರಟ್ಟು ಬೇಕಾದಷ್ಟಿದೆಯಲ್ಲ, ತಗೊಳ್ಲಾ?”

“ತಗೋಪ್ಪ,” ಎಂದೆ ನಾನೇ. “ಈಗ ನಮ್ಮ ಹತ್ತಿರ ಯಾರು ಬರ್ತಾರೆ?”

ಹಾಗೆಂದರೂ ದಿನವೂ ಕಾಯುತ್ತಿದ್ದೆ. ಎಂಬತ್ತಾರರ ಹೆಂಡತಿ ಬರಲಿಲ್ಲವಲ್ಲ, ಬಸ್ಸಿಲ್ಲದೆ ಹೇಗೆ ಬಂದಾಳು, ಎಂದು ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ನೆನಪಾಗುತ್ತಿತ್ತು.

ಸುಮಾರು ಇಪ್ಪತ್ತೈದು ದಿನ ಕಳೆದಿರಬೇಕು. ಅವತ್ತು ಬಿಸಿಲು ಜೋರಿತ್ತು, ಸಾಲು ರಸ್ತೆಯವರೆಗೆ ಬೆಳೆದಿತ್ತು. ಮೀಸೆಯಣ್ಣ ಒಬ್ಬ ಬಸುರಿಯನ್ನು ಸಾಲಿನ ಕೊನೆಯಿಂದ ನೇರ ಮುಂದಕ್ಕೆ ಕರೆತಂದ. ತಾನು ಕೂರುತ್ತಿದ್ದ ಸ್ಟೂಲನ್ನೂ ತಂದು ಹಾಕಿದ.

“ಹೊಟ್ಟೆ ಹೊತ್ಕೊಂಡು ಬಿಸಿಲಲ್ಲಿ ನಿಂತಿದ್ದಾಳೆ ಮೇಡಂ. ಇವಳನ್ನ ಮೊದಲು ಕಳಿಸಿಬಿಡಿ. ಯಾರಾದ್ರೂ ತಕರಾರು ತೆಗೆದ್ರೆ ನನ್ ಹತ್ರ ಕಳ್ಸಿ, ಮೀಸೆ ತೋರಿಸ್ತೀನಿ.”

ಸಾಲಿನವರು ನಕ್ಕು ದಾರಿ ಬಿಟ್ಟರು. ಅವಳು ನೀಲಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಏನೂ ಹೇಳಲಿಲ್ಲ. ನನ್ನ ಗಾಜಿಗೆ ಉಸಿರಿನ ಹಬೆ ಕಟ್ಟಿತ್ತು. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಟ್ಯೂಬಿನ ಮೇಲೆ ಬರೆದೆ: 86. ಆ ಬೆಳಗ್ಗೆಯಿಂದ ಅಂಥ ಎಷ್ಟೋ ನಂಬರುಗಳನ್ನು ಬರೆದ ಕೈ ಅದು.

ತಲೆಯೆತ್ತಿದರೆ, ಅವಳು ರವಿಕೆಯ ಎಡತೋಳು ಮೇಲೆ ಮಡಚಿ, ಕೈ ಮುಂದೆ ಚಾಚಿ ಕೂತಿದ್ದಳು.

“ಕೈ ಬೇಡಮ್ಮ,” ಎಂದೆ ನಗುತ್ತ. “ಬಾಯಿ ತೆಗಿ, ಅಷ್ಟೇ.”

“ರಕ್ತ ಬೇಡ್ವಾ?”

“ಬೇಡ ತಾಯಿ, ಅದೆಲ್ಲ ಏನೂ ಬೇಡ.”

ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಮಾಸ್ಕಿನ ಮೇಲಿನ ಕಣ್ಣೆರಡೇ ನಕ್ಕವು. ಪುಸ್ತಕಕ್ಕೆ ಫೋನ್ ನಂಬರು ಬರೆಸಿ, ಸ್ಟೂಲನ್ನು ತಾನೇ ಎತ್ತಿ ಮೀಸೆಯಣ್ಣನಿಗೆ ಕೊಟ್ಟು ಹೋದಳು.

ಗಂಟೆ ಕಳೆದ ಮೇಲೆ ದಪ್ಪನೆಯ ಮನುಷ್ಯನೊಬ್ಬ ಇನ್ನೊಂದು ಎಂಬತ್ತಾರು ಹಿಡಿದು ಬಂದ. “ಇದೇನ್ರೀ, ನನ್ನ ನಂಬರ್ ಯಾರ್ರೀ ನುಂಗಿದ್ದು?” ಎಂದು ರೇಗಿದ. ಮೀಸೆಯಣ್ಣ ಎರಡೆರಡು ಸಲ ಬರೆದಿರಬೇಕು ಎಂದುಕೊಂಡು, ಪುಸ್ತಕದಲ್ಲಿ ಅವನನ್ನು ‘86 ಬಿ’ ಎಂದು ಬರೆದು ಸಾಗಹಾಕಿದೆ. ಅಷ್ಟು ಸಣ್ಣ ವಿಷಯ. ಅಲ್ಲಿ ಒಂದು ನಿಮಿಷ ಪೆನ್ನು ಕೆಳಗಿಟ್ಟಿದ್ದರೆ ಸಾಕಿತ್ತು.

ಎರಡು ದಿನದ ಮೇಲೆ ಅವಳಿಗೆ ಫೋನ್ ಮಾಡಿದವಳೂ ನಾನೇ. “ನಿನಗೆ ಏನೂ ಇಲ್ಲಮ್ಮ. ನೆಮ್ಮದಿಯಾಗಿರು.”

“ನಿಜವಾಗ್ಲೂ ಏನೂ ಇಲ್ವಾ ಅಕ್ಕ? ನಿಮ್ಮ ಬಾಯಿಗೆ ಸಕ್ಕರೆ ಹಾಕ,” ಎಂದಳು.

ವರ್ಷದ ಕೊನೆಗೆ ಏಳನೇ ಕೊಠಡಿ ನಮಗೆ ವಾಪಸ್ ಸಿಕ್ಕಿತು. ಬಂದ ಮೊದಲ ಕಾಗದ ಮೇಲಿನ ಕಚೇರಿಯ ಶಭಾಷ್‌ಗಿರಿ: ನಮ್ಮ ಕಾಯಿಲೆಗಳ ಪ್ರಮಾಣ ಅರ್ಧಕ್ಕರ್ಧ ಇಳಿದಿದೆ, ನಕ್ಷೆ ಬರೆದು ಗೋಡೆಗೆ ಹಾಕಿ.

“ಬಾಗಿಲು ಹಾಕ್ಕೊಂಡು ಕೂತ್ರೆ ಎಣಿಕೆ ಇಳಿಯದೆ ಇನ್ನೇನಾಗತ್ತೆ ಡಾಕ್ಟ್ರೇ?” ಎಂದೆ.

ನಮ್ಮ ಎಳೆಯ ಡಾಕ್ಟರು ಕಣ್ಣುಜ್ಜಿಕೊಂಡರು. “ನನಗೂ ಗೊತ್ತು ಮೇಡಂ. ಬರೆದು ಹಾಕಿಬಿಡಿ.” ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಆ ವರ್ಷಕ್ಕೆ ಬರುತ್ತಲೇ ಅದು ಧೊಪ್ಪನೆ ಕೆಳಗೆ ಬಿತ್ತು.

ಅದೇ ವಾರ ಪೇಂಟರ್ ಬಂದ, ಜೊತೆಯಲ್ಲಿ ಹೆಂಡತಿ. ಆ ಕಣ್ಣು ನೋಡಿದೊಡನೆ ಗುರುತು ಹತ್ತಿತು. ಹೊಟ್ಟೆ ಇರಲಿಲ್ಲ. ಕೈಯಲ್ಲಿ ಮಗುವೂ ಇರಲಿಲ್ಲ. ಎಂಟನೇ ತಿಂಗಳಲ್ಲಿ ಸತ್ತ ಮಗು ಹುಟ್ಟಿತ್ತು. ಹೆರಿಗೆ ಆಸ್ಪತ್ರೆಯವರು ಅವಳ ರಕ್ತ ನೋಡಿ ನಮ್ಮಲ್ಲಿಗೆ ಕಳಿಸಿದ್ದರು; ನಮ್ಮ ಕೊಠಡಿ ತೆರೆಯುವವರೆಗೆ ಅವರು ಕಾಯಬೇಕಾಗಿತ್ತು.

ಅವನ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. “ನೀವು ಹೇಳಿದ ಹಾಗೆ ಚೀಟಿ ಕೊಟ್ಟು ಕಳಿಸ್ದೆ ಅಕ್ಕ. ತಡ ಮಾಡ್ದೆ, ಹೆದರಿ ಜೇಬಲ್ಲೇ ಇಟ್ಕೊಂಡಿದ್ದೆ, ನಿಜ. ಆದ್ರೂ ಕಳಿಸ್ದೆನಲ್ಲ. ಏನೂ ಇಲ್ಲ ಅಂತ ನೀವೇ ಫೋನ್ ಮಾಡಿದ್ರಲ್ಲ?”

ಪುಸ್ತಕ ತೆಗೆದೆ. 86, ಅದರ ಕೆಳಗೆ 86 ಬಿ. ಎರಡೂ ನನ್ನ ಅಕ್ಷರ.

ಮುಚ್ಚಿಡಬಹುದಿತ್ತು. ಆ ಗಲಾಟೆಯಲ್ಲಿ ಏನೋ ಆಗಿದೆ ಎಂದರೆ ನಂಬುತ್ತಿದ್ದರು. ಆದರೆ ಅವಳು ಮೆಲ್ಲಗೆ, “ನಮ್ಮತ್ತೆ ಹೇಳ್ತಾರೆ, ಏಳನೇ ತಿಂಗಳಲ್ಲಿ ನೀರಿನ ಕೊಡ ಎತ್ತಿದ್ದಕ್ಕೇ ಹೀಗಾಯ್ತು ಅಂತ,” ಎಂದಳು. ಇದನ್ನು ಅವಳ ತಲೆಗೆ ಕಟ್ಟಲು ಬಿಟ್ಟರೆ ನಾನು ಮನುಷ್ಯಳೇ?

“ಕೊಡ ಎತ್ತಿದ್ದಕ್ಕಲ್ಲಮ್ಮ,” ಎಂದೆ. ನೀಲಿ ರಟ್ಟು ಯಾಕೆ ಮಾಡಿಸಿದ್ದೆ, ಯಾರಿಗೆ ಕೊಟ್ಟೆ, ಅವಳ ಚೀಟಿಯನ್ನು ಸರದಿಯ ಟೋಕನ್ ಎಂದುಕೊಂಡು ಬೇರೆಯದೇ ಪರೀಕ್ಷೆಗೆ ಹೇಗೆ ಕೂರಿಸಿದೆ, ಎಲ್ಲ ಹೇಳಿದೆ.

ಗಂಡ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅವಳು ಕೂತೇ ಇದ್ದಳು. ನೋಟ ಗೋಡೆಯ ನಕ್ಷೆಯ ಮೇಲಿತ್ತು.

“ಆ ಗೆರೆ ಯಾಕಕ್ಕ ಅಲ್ಲಿ ಕೆಳಗೆ ಬಿದ್ದಿದೆ?”

“ಈ ವರ್ಷ ಇಲ್ಲಿಗೆ ಯಾರೂ ಬರಲಿಲ್ಲಮ್ಮ, ಅದಕ್ಕೆ.”

“ನಾನು ಬಂದಿದ್ದೆನಲ್ಲ,” ಎಂದಳು.

ಇಂಜೆಕ್ಷನ್ ಆಗುವವರೆಗೆ ಅವಳ ಕೈ ಹಿಡಿದು ನಿಂತೆ. ಅವಳು ಬಿಡಿಸಿಕೊಳ್ಳಲಿಲ್ಲ. ಅದು ಕ್ಷಮೆ ಎಂದು ನಾನು ಹೇಳುವುದಿಲ್ಲ. ನೋವಾಗುವಾಗ ಯಾರದಾದರೂ ಒಂದು ಕೈ ಬೇಕಲ್ಲ.

ಹೊರಡುವಾಗ ಬಾಗಿಲವರೆಗೆ ಹೋದೆ. ಗೇಟಿನಲ್ಲಿ ಮೀಸೆಯಣ್ಣ ಸ್ಟೂಲಿನಿಂದ ಎದ್ದು ನಿಂತ. ಮಾಸ್ಕು ಈಗ ಗದ್ದದ ಕೆಳಗಿತ್ತು, ಮೀಸೆ ಬಿಡುಗಡೆಯಾಗಿತ್ತು.

“ಅರೆ! ಅವತ್ತು ಬಿಸಿಲಲ್ಲಿ ನಿಂತಿದ್ದ ತಾಯಿ ಅಲ್ವಾ ನೀನು? ನಾನೇ ಅಲ್ವಾ ಮುಂದಕ್ಕೆ ಕರ್ಕೊಂಡು ಹೋಗಿದ್ದು! ಮಗು ಹೇಗಿದೆಯಮ್ಮ?”

ಪೇಂಟರ್ ಮುಖ ತಿರುಗಿಸಿದ. ಅವಳು ಆ ಮುದುಕನ ಮುಖವನ್ನು, ಅವನ ಪಕ್ಕದ ಸ್ಟೂಲನ್ನು ನೋಡಿದಳು.

“ಚೆನ್ನಾಗಿದೆಯಣ್ಣ,” ಎಂದಳು. “ಮನೇಲಿ ಮಲಗಿದೆ.”