ತಾಯಿಯ ಕಡೆಯಿಂದ

ಅಂಗಳದ ಮೂಲೆಯ ಒಲೆಯಲ್ಲಿ ಭತ್ತ ಬೇಯುತ್ತಿತ್ತು. ಕಾಳು ಬಾಯಿ ಬಿಟ್ಟ ಕೂಡಲೇ ಹಂಡೆ ಇಳಿಸಬೇಕು, ತಡವಾದರೆ ಅಕ್ಕಿ ಕೆಡುತ್ತದೆ. ರಾಜೀವಿ ಒಲೆಯ ಮುಂದೆ ಕಣ್ಣಿಟ್ಟು ಕೂತಿದ್ದಳು. ಬೆಂದ ಭತ್ತ ಹರಡಲು ಚಾಪೆ ತರುತ್ತೇನೆಂದು ಹೋದ ಮಗಳು ಇನ್ನೂ ಬಂದಿರಲಿಲ್ಲ.

"ಸರಸಾ, ಚಾಪೆ ಎಲ್ಲಿ ಮಾರಾಯ್ತಿ?"

ಉತ್ತರದ ಬದಲು ದನದ ಹಟ್ಟಿಯ ಹಿಂದಿನಿಂದ ವಾಂತಿ ಮಾಡುವ ಸದ್ದು ಕೇಳಿಸಿತು. ರಾಜೀವಿ ಹಂಡೆಯನ್ನು ಹಾಗೇ ಬಿಟ್ಟು ಓಡಿದಳು. ಹದಿಮೂರು ವರ್ಷದ ಸರಸ ಬಟ್ಟೆ ಒಗೆಯುವ ಕಲ್ಲಿಗೆ ಒಂದು ಕೆನ್ನೆಯನ್ನು ಒತ್ತಿ ಕುಕ್ಕುರುಗಾಲಲ್ಲಿ ಕೂತಿದ್ದಳು. ತಾಯಿಯ ಹೆಜ್ಜೆಯ ಸದ್ದಿಗೂ ಅವಳು ಮುಖ ಕಿವುಚಿದಳು.

"ಮಾತಾಡಬೇಡ ಅಮ್ಮ. ಬಿಸಿಲು ಚುಚ್ಚುತ್ತದೆ."

ರಾಜೀವಿ ಸೆರಗಿನಿಂದ ಮಗಳ ಕಣ್ಣು ಮುಚ್ಚಿ, ಭತ್ತ ತುಂಬುವ ಕತ್ತಲೆ ಕೋಣೆಗೆ ನಡೆಸಿಕೊಂಡು ಹೋಗಿ, ಒದ್ದೆ ಬಟ್ಟೆ ಹಣೆಗಿಟ್ಟು ಬಾಗಿಲೆಳೆದಳು. ಇಷ್ಟನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹಿಂದಿನ ಸಂಜೆ ಸರಸ ಸುಮ್ಮನೆ ಆಕಳಿಸುತ್ತಿದ್ದಾಗಲೇ ನಾಳೆ ಇದು ಬರುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು.

ಹೊರಗೆ ಬಂದಾಗ ಹಂಡೆಯ ಭತ್ತ ಮುದ್ದೆಯಾಗಿತ್ತು. ಅಣ್ಣ ಶೀನಪ್ಪ ಒಲೆಯ ಪಕ್ಕ ನಿಂತಿದ್ದರು.

"ಪುನಃ ತಲೆನೋವಾ? ಈ ತಿಂಗಳಲ್ಲಿ ಎಷ್ಟನೆಯ ಸಲ? ಲೆಕ್ಕದ ಪರೀಕ್ಷೆ ಉಂಟು ಅಂದರೆ ಬರ್ತದೆ, ಚಾಪೆ ಹೊರುವ ದಿನ ಬರ್ತದೆ. ಯಕ್ಷಗಾನದ ಆಟ ನೋಡಲಿಕ್ಕೆ ಹೋಗುವ ದಿನ ಮಾತ್ರ ಬರುವುದಿಲ್ಲ."

"ಆಟ ನೋಡಿದ ಮರುದಿನ ಬಂದಿತ್ತಣ್ಣ. ನಿದ್ರೆ ಕೆಟ್ಟರೆ ಬರ್ತದೆ."

"ಎಲ್ಲ ಗೊತ್ತುಂಟು ನಿನಗೆ" ಎಂದರು ಶೀನಪ್ಪ. ಆದರೆ ಆ ಸಂಜೆ ಅವರೇ ತಂಗಿಯ ಮಗಳ ಕೋಣೆಯ ಬಾಗಿಲಲ್ಲಿ ನಿಂತು, ಅವಳ ಬಿಳಿಚಿದ ಮುಖ ನೋಡಿ, "ನಾಳೆ ಮೂಡಬಿದಿರೆಗೆ ಹೋಗುವ. ಡಾಕ್ಟ್ರಿಗೆ ತೋರಿಸುವ" ಎಂದರು.

ವೇಣೂರಿನ ಬಳಿಯ ಆ ಮನೆಗೆ ಶೀನಪ್ಪನವರೇ ಯಜಮಾನರು. ರಾಜೀವಿಯ ಗಂಡ ಮುಂಬಯಿಯ ಹೋಟೆಲಿನಲ್ಲಿದ್ದ. ಆ ಕುಟುಂಬದ ಕಟ್ಟಳೆಯಂತೆ ಮನೆ, ಗದ್ದೆ, ಹೆಸರು ಎಲ್ಲವೂ ತಾಯಿಯಿಂದ ಮಗಳಿಗೆ ಬರುವಂಥವು, ನಡೆಸುವವರು ಮಾತ್ರ ಅಣ್ಣಂದಿರು. ಹಾಗಾಗಿ ಹೆಣ್ಣು ಕೇಳಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ತಾಯಿ, ಅಜ್ಜಿಯರ ಸುದ್ದಿ ಕೇಳುತ್ತಿದ್ದರು. ರಾಜೀವಿಯ ತಂಗಿ ಕಾಂತಿಗೆ ಹಿಂದಿನ ವರ್ಷ ಒಂದು ಸಂಬಂಧ ತಪ್ಪಿತ್ತು. ಕಾಂತಿಯ ಸತ್ತುಹೋದ ಅಜ್ಜಿ ತಿಂಗಳಿಗೆರಡು ಸಲ ಕತ್ತಲಲ್ಲಿ ಮಲಗುತ್ತಿದ್ದಳು, ಅವಳಿಗೆ ಮರುಳಿತ್ತು ಎಂದು ಯಾರೋ ಹೇಳಿದ್ದರು. ಈಗ ಬಂಟ್ವಾಳದ ಕಡೆಯವರು ಕೇಳಿಕೊಂಡು ಬಂದಿದ್ದರು, ಮಾತು ಅರ್ಧ ಆಗಿತ್ತು.

ಮೂಡಬಿದಿರೆಯ ಡಾಕ್ಟರು ಅವಸರದವರಲ್ಲ. ಸರಸಳ ಕಣ್ಣು ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕೈಕಾಲು ತಟ್ಟಿ ನೋಡಿದರು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಗಂಜಿ ಕುಡೀತೀ ಮಗಾ?"

"ಶಾಲೆಗೆ ತಡ ಆಗ್ತದೆ. ಸಂಜೆ ಬಂದು ಉಣ್ತೇನೆ."

"ಅಷ್ಟು ಹೊತ್ತು ಖಾಲಿ ಹೊಟ್ಟೆಯಾ? ನೀರಾದರೂ?"

ಸರಸ ತಲೆ ತಗ್ಗಿಸಿದಳು. ಡಾಕ್ಟರು ರಾಜೀವಿಯ ಕಡೆಗೆ ತಿರುಗಿದರು.

"ಇಂಥ ತಲೆನೋವು ಕೆಲವು ಕುಟುಂಬಗಳಲ್ಲಿ ಇರ್ತದೆ ಅಮ್ಮ. ತಾಯಿಯ ಕಡೆಯಿಂದ ಬರುವುದೂ ಉಂಟು. ನಿಮಗೆ ಉಂಟಾ? ನಿಮ್ಮ ತಾಯಿಗೆ? ಉಂಟು ಅಂತಾದರೆ ನನಗೆ ಅರ್ಧ ಧೈರ್ಯ."

ಶೀನಪ್ಪ ಗಂಟಲು ಸರಿಮಾಡಿಕೊಂಡರು, ಅಷ್ಟೆ. ರಾಜೀವಿಗೆ ಬಂಟ್ವಾಳದವರ ನೆನಪಾಯಿತು. ಕಾಂತಿಯ ನೆನಪಾಯಿತು.

"ಇಲ್ಲ" ಎಂದಳು. "ನಮ್ಮಲ್ಲಿ ಯಾರಿಗೂ ಇಲ್ಲ."

ಡಾಕ್ಟರು ಚೀಟಿ ಬರೆಯತೊಡಗಿದರು. "ಹಾಗಾದರೆ ಮಂಗಳೂರಿಗೆ ಕರಕೊಂಡು ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. ತಲೆಯೊಳಗೆ ಬೇರೆ ಏನಾದರೂ ಉಂಟೋ ಅಂತ ನೋಡಿಸುವುದು ಒಳ್ಳೆಯದು. ಅಲ್ಲಿಯವರೆಗೆ ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ರೆ. ನೋವು ಬಂದ ದಿನವನ್ನೆಲ್ಲ ಬರೆದಿಡಿ. ಮಗು ಸುಳ್ಳು ಹೇಳುವುದಿಲ್ಲ, ಅದು ನೆನಪಿರಲಿ."

ಸರಸ ತಾಯಿಯನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಎರಡು ಸಲ ಏನೋ ಕೇಳಲು ಬಾಯಿ ತೆರೆದಳು. ಎದುರಿನ ಸೀಟಿನಲ್ಲಿ ಮಾವ ಇದ್ದರು. ಮುಚ್ಚಿಕೊಂಡಳು.

ಮಂಗಳೂರಿನ ಮಾತನ್ನು ಶೀನಪ್ಪ ಮುಂದೂಡಿದರು. "ದೊಡ್ಡ ಆಸ್ಪತ್ರೆಗೆ ಹೋದರೆ ಸುದ್ದಿ ನಮಗಿಂತ ಮೊದಲು ಬಂಟ್ವಾಳಕ್ಕೆ ಮುಟ್ಟುತ್ತದೆ. ಕಾಂತಿಯದ್ದು ಒಂದು ಆಗಿ ಹೋಗಲಿ." ಗಂಜಿ ಕುಡಿಸುವುದು ಮಾತ್ರ ನಡೆಯಿತು, ಅದೂ ನೆನಪಾದ ದಿನ.

ಆಮೇಲೆ ಮೂರು ವಾರ ಸರಸ ತಲೆನೋವೆಂದು ಹೇಳಲಿಲ್ಲ. ಶೀನಪ್ಪನವರಿಗೆ ಸಮಾಧಾನವಾಯಿತು. ರಾಜೀವಿಗೆ ಆಗಲಿಲ್ಲ. ಒಂದು ಮಧ್ಯಾಹ್ನ ಅವಳು ನೋಡುತ್ತಿದ್ದಂತೆ ಸರಸ ಸೌದೆಕೊಟ್ಟಿಗೆಯಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಜಡೆಯಲ್ಲಿ ಮರದ ಸಿಪ್ಪೆ, ತುಟಿಯಲ್ಲಿ ಹಲ್ಲಿನ ಗುರುತು.

"ಅಲ್ಲಿ ಏನು ಮಾಡ್ತಿದ್ದಿ?"

"ಸೌದೆ ಒಟ್ಟುತ್ತಿದ್ದೆ" ಎಂದಳು ಹುಡುಗಿ.

ಇಪ್ಪತ್ತು ವರ್ಷಗಳಿಂದ ರಾಜೀವಿಯೇ ಹೇಳುತ್ತ ಬಂದ ಮಾತು ಅದು. ನೋವು ಬಂದಾಗಲೆಲ್ಲ ಸೌದೆ ಒಟ್ಟುತ್ತೇನೆಂದು ಹೋಗಿ, ಆ ಕತ್ತಲಲ್ಲಿ ತಲೆಗೆ ಬಟ್ಟೆ ಬಿಗಿದು ಬಿದ್ದುಕೊಂಡು, ಉಣ್ಣುವ ಹೊತ್ತಿಗೆ ಎದ್ದು ಬಂದು ಎಲ್ಲರಿಗೂ ಬಡಿಸುತ್ತಿದ್ದಳು. ಯಾರೂ ನೋಡಿಲ್ಲ ಎಂದುಕೊಂಡಿದ್ದಳು. ಮಗಳು ನೋಡಿದ್ದಳು, ಕಲಿತಿದ್ದಳು. ಅಂದೂ ರಾಜೀವಿ ಏನನ್ನೂ ಹೇಳದೆ ಮಗಳ ಜಡೆಯಿಂದ ಸಿಪ್ಪೆ ತೆಗೆದಳು.

ಮರು ವಾರ ಸರಸ ಶಾಲೆಯ ದಾರಿಯಲ್ಲಿ ಬಿದ್ದಳು. ಜೊತೆಗಿದ್ದ ಹುಡುಗಿಯರು ಎತ್ತಿ ತಂದರು. ಊರೆಲ್ಲ ನೋಡಿತು. ಶೀನಪ್ಪ ಇನ್ನು ಕಾಯಲಿಲ್ಲ, ಭಾನುವಾರ ಬೆಳಿಗ್ಗೆ ಲೋಕಯ್ಯನನ್ನು ಕರೆಸಿದರು. ಲೋಕಯ್ಯ ಊರಿನಲ್ಲಿ ದನಗಳಿಗೂ ಮಕ್ಕಳಿಗೂ ಬರೆ ಹಾಕುವವನು.

"ಅಣ್ಣ, ಮುಖಕ್ಕೆ ಬೇಡ" ಎಂದಳು ರಾಜೀವಿ.

"ನನಗೆ ಸಂತೋಷವಾ? ದಾರಿಯಲ್ಲಿ ಬೀಳುವ ಹುಡುಗಿಯನ್ನು ನೋಡಿದವರು ಮರುಳು ಅಂತಾರೆ. ಒಂದು ಸಲ ಸುಟ್ಟರೆ ಹೋಗ್ತದೆ. ನೀನು ತಲೆ ಹಿಡಕೋ. ಬೇರೆಯವರು ಹಿಡಿದರೆ ಹೆದರ್ತಾಳೆ."

"ಅಲುಗಾಡದಿದ್ದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗೀತದೆ ರಾಜೀವಕ್ಕ" ಎಂದ ಲೋಕಯ್ಯ, ಅರಸಿನದ ಕೊಂಬನ್ನು ಕೆಂಡದಲ್ಲಿ ತಿರುಗಿಸುತ್ತ. ಅವನ ದನಿಯಲ್ಲಿ ಕೆಡುಕೇನೂ ಇರಲಿಲ್ಲ.

ರಾಜೀವಿ ಹಿಡಿದುಕೊಂಡಳು. ಎರಡೂ ಅಂಗೈಯಲ್ಲಿ ಮಗಳ ತಲೆ ಇತ್ತು. ಎಡಗಡೆಯ ಕಣತಲೆಗೆ ಕೊಂಬು ಮುಟ್ಟಿತು. ಸರಸಳ ಕೂಗು ಗದ್ದೆಯ ಆಚೆಗೂ ಕೇಳಿಸಿತು. ಚರ್ಮ ಸುಟ್ಟ ವಾಸನೆ ಹಬ್ಬಿತು. ಒಳಗೆ ಕಾಂತಿ ಅಳತೊಡಗಿದಳು.

ಲೋಕಯ್ಯ ಕೊಂಬನ್ನು ಮತ್ತೆ ಕೆಂಡಕ್ಕಿಟ್ಟ. "ಇನ್ನು ಬಲಗಡೆಗೆ."

ಈ ಸಲ ಸರಸ ಕೊಸರಾಡಲಿಲ್ಲ. ತಲೆ ಎತ್ತಿ, ತನ್ನನ್ನು ಹಿಡಿದಿದ್ದ ತಾಯಿಯ ಮುಖವನ್ನು ನೋಡಿದಳು. ಸಿಟ್ಟಿನಿಂದಲ್ಲ. ಅರ್ಥವಾಗದೆ ನೋಡಿದಳು.

ರಾಜೀವಿಯ ಕೈ ಸಡಿಲಾಯಿತು. ಅವಳು ಮಗಳನ್ನು ಹಿಂದಕ್ಕೆ ಸರಿಸಿ, ಮಣೆಯ ಮೇಲೆ ತಾನೇ ಕೂತಳು.

"ನನಗೆ ಹಾಕು ಲೋಕಯ್ಯ."

"ಎಂಥ ರಾಜೀವಕ್ಕ ಇದು!"

"ನನಗೂ ಉಂಟು. ಸರಸ ಹುಟ್ಟುವುದಕ್ಕಿಂತ ಮೊದಲಿನಿಂದ ಉಂಟು. ಸುಟ್ಟರೆ ಹೋಗ್ತದೆ ಅಂತಾದರೆ ನನ್ನದು ಮೊದಲು ಹೋಗಲಿ. ನೋಡುವ."

"ರಾಜೀವಿ!" ಶೀನಪ್ಪ ಒಳಬಾಗಿಲ ಕಡೆ ನೋಡಿದರು. "ಬಾಯಿ ಮುಚ್ಚು. ಒಳಗೆ ಕಾಂತಿ ಇದ್ದಾಳೆ. ಬಂಟ್ವಾಳದವರಿಗೆ ಏನು ಹೇಳುವುದು ನಾನು?"

"ಇದ್ದದ್ದನ್ನು ಹೇಳಿ. ನಮ್ಮ ಅಮ್ಮನಿಗೂ ಇತ್ತು. ಅವರು ಹಟ್ಟಿಯಲ್ಲಿ ದನದ ಪಕ್ಕ ಮಲಗಿದ್ದಾಗ ನೀರು ಕೊಂಡುಹೋಗಿ ಕೊಟ್ಟದ್ದು ನೀವೇ ಅಲ್ಲವಾ ಅಣ್ಣ? ಅಮ್ಮನಿಗೆ ಮರುಳು ಇತ್ತಾ?"

ಕೆಂಡದ ಮೇಲಿನ ಕೊಂಬು ಹೊಗೆಯಾಡುತ್ತಿತ್ತು. ಲೋಕಯ್ಯ ಅಣ್ಣ ತಂಗಿ ಇಬ್ಬರ ಮುಖವನ್ನೂ ನೋಡಿದ.

"ನಾನೀಗ ಎಂಥ ಮಾಡುವುದು ಧಣಿ?"

"ಎದ್ದು ಹೋಗು" ಎಂದರು ಶೀನಪ್ಪ. ಅವರೂ ಅಂಗಳ ಇಳಿದು, ತಲೆಗೆ ಮುಂಡಾಸನ್ನೂ ಸುತ್ತಿಕೊಳ್ಳದೆ ಗದ್ದೆಯ ಕಡೆಗೆ ನಡೆದರು.

ರಾಜೀವಿ ಮಗಳನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಸುಟ್ಟ ಜಾಗಕ್ಕೆ ತಣ್ಣೀರು ಹನಿಸಿದಳು. ಆ ಕಲೆ ಇನ್ನು ಹೋಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಾಳೆ ಬೆಳಿಗ್ಗಿನ ಬಸ್ಸಿಗೆ ನಾವಿಬ್ಬರೇ ಮೂಡಬಿದಿರೆಗೆ ಹೋಗುವ" ಎಂದಳು ಮೆಲ್ಲಗೆ. "ಡಾಕ್ಟ್ರಿಗೆ ಎಲ್ಲ ಹೇಳ್ತೇನೆ. ನಿನಗೆ ನನ್ನದೇ ಬಂದದ್ದು ಮಗಾ. ಸಾಯುವಂಥದ್ದಲ್ಲ, ನೋಡು, ನಾನು ಇದ್ದೇನಲ್ಲ. ಇನ್ನು ಗಂಜಿ ಕುಡಿಯದೆ ನಿನ್ನನ್ನು ಅಂಗಳ ಇಳಿಯಲಿಕ್ಕೆ ಬಿಡುವುದಿಲ್ಲ. ನೋವು ಬಂದರೆ ಇಬ್ಬರೂ ಇಲ್ಲೇ ಮಲಗುವ. ಸೌದೆಕೊಟ್ಟಿಗೆಗೆ ಹೋಗುವುದು ಬೇಡ."

ಹೊರಗೆ ಯಾರೋ ಕೆಂಡಕ್ಕೆ ನೀರು ಹೊಯ್ದರು. ಸರಸ ತಾಯಿಯ ಕೈಯನ್ನು ತನ್ನ ಹಣೆಯಿಂದ ಎತ್ತಿ ಬದಿಗಿಟ್ಟು, ಎದ್ದು ಕೂತಳು.

"ಮತ್ತೆ ಅವತ್ತು ಡಾಕ್ಟ್ರು ಕೇಳುವಾಗ ಇಲ್ಲ ಅಂದದ್ದು ಯಾಕೆ ಅಮ್ಮ?"