ಬೀಗರ ಬ್ಯಾಟರಿ

ಬ್ರೆಡ್ ಕಾರ್ಖಾನೆಯ ಒಲೆಗಳು ವಾರಕ್ಕೊಂದೇ ದಿನ ಆರುತ್ತವೆ, ಅದು ಭಾನುವಾರ. ಆ ದಿನ ಮಧ್ಯಾಹ್ನ ಊಟ ಮುಗಿಸಿ ಸೊಸೆ ಮಲಗುತ್ತಾಳೆ. ಅದನ್ನು ಬರೀ ನಿದ್ದೆ ಅಂದರೆ ನಿದ್ದೆಗೇ ಅವಮಾನ. ವಾರವಿಡೀ ಕೋಳಿಗಿಂತ ಮೊದಲು ಎದ್ದು, ಹಿಟ್ಟಿನ ಮೂಟೆಗಳ ನಡುವೆ ಬಿಳಿ ದೆವ್ವದಂತೆ ಓಡಾಡಿದವಳು ಹಾಸಿಗೆಗೆ ಬಿದ್ದರೆ ಸೂರು ಕುಸಿದರೂ ಮಗ್ಗುಲು ಬದಲಿಸುವುದಿಲ್ಲ. ಗಂಡ ಲಾರಿ ಓಡಿಸುವವನು. ಯಾವಾಗಲೋ ಒಮ್ಮೆ ನೆಂಟನ ಹಾಗೆ ಬಂದು, ಸಾಕ್ಸ್ ಬಿಚ್ಚಿ ಹಾಕಿ ಹೋಗುತ್ತಾನೆ. ಹಾಗಾಗಿ ಆ ಭಾನುವಾರದ ನಿದ್ದೆ ಇಬ್ಬರು ಮುದುಕರ ಹೆಗಲ ಮೇಲೆ ನಿಂತಿತ್ತು. ಒಬ್ಬರು ಮನೆಯಲ್ಲೇ ಇರುವ ಅತ್ತೆ, ಇನ್ನೊಬ್ಬರು ಹಿಂದಿನ ಬೀದಿಯಿಂದ ಬರುವ ಅವಳ ಅಪ್ಪ. ಅತ್ತೆಗೆ ಮಂಡಿ ನೋವು, ಅಪ್ಪನಿಗೆ ಕಿವಿ ಮಂದ. ಐದು ವರ್ಷದ ಮೊಮ್ಮಗಳು ಪುಟ್ಟಿಯ ಹಿಂದೆ ಓಡುವುದಕ್ಕೆ ಒಬ್ಬರು ಬೇಕು, ಅವಳು ಎಲ್ಲಿ ಏನು ಬೀಳಿಸಿದಳು ಎಂದು ಕೇಳಿಸಿಕೊಳ್ಳುವುದಕ್ಕೆ ಇನ್ನೊಬ್ಬರು. ಇಬ್ಬರನ್ನೂ ಸೇರಿಸಿದರೆ ಪೂರಾ ಒಂದಾಳು.

ಆದರೆ ಈ ಬೀಗರಿಬ್ಬರೂ ಎಣ್ಣೆ ಸೀಗೆಕಾಯಿ.

ಎಲ್ಲಕ್ಕೂ ಮೂಲ ಒಂದು ಕೋಟು. ಅತ್ತೆ ಜೀವಮಾನವಿಡೀ ದರ್ಜಿ ಕೆಲಸ ಮಾಡಿದವರು. ಮಗನ ಮದುವೆಗೆ ಬೀಗರಿಗೆ ಕೈಯಾರೆ ಒಂದು ಕೋಟು ಹೊಲಿದು ಕೊಟ್ಟರು. ಫೋಟೋದವನು ನಗಿ ಅಂದ, ಬೀಗರು ನಕ್ಕರು, ನಡುವಿನ ಗುಂಡಿ ಬಂದೂಕಿನ ಗುಂಡಿನ ಹಾಗೆ ಹಾರಿ ಫೋಟೋದವನ ಹಣೆಗೆ ಬಡಿಯಿತು. ಇವತ್ತಿಗೂ ಗೋಡೆಯ ಮೇಲಿನ ಫೋಟೋದಲ್ಲಿ ಅಪ್ಪ ಹೂಗುಚ್ಛವನ್ನು ಎರಡು ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಾರೆ, ಯಾರೋ ಕಸಿದುಕೊಳ್ಳುತ್ತಾರೆ ಅನ್ನುವ ಹಾಗೆ. ಬೇಕಂತಲೇ ಬಿಗಿ ಹೊಲಿದು ಮರ್ಯಾದೆ ತೆಗೆದಳು ಎಂದು ಅಪ್ಪ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತವರಿಗೆ ಇನ್ನೇನಾಗುತ್ತೆ ಎಂದು ಅತ್ತೆ. ನಾನು ಎಳೆದುಕೊಂಡೇ ಇರಲಿಲ್ಲ ಎಂದು ಅಪ್ಪ. ಅಲ್ಲಿಗೆ ಮಾತು ನಿಂತಿದ್ದು, ಪುಟ್ಟಿ ಹುಟ್ಟಿ ನಡೆಯುವಷ್ಟಾದರೂ ಮತ್ತೆ ಶುರುವಾಗಿರಲಿಲ್ಲ.

ಶುರು ಮಾಡಿಸಿದ್ದು ಕಾರು. ಮಗಳಿಗೆಂದು ಗಂಡ ಎಲ್ಲಿಂದಲೋ ಒಂದು ರಿಮೋಟ್ ಕಾರು ಕಳಿಸಿದ್ದ. ಅಂಗಡಿ ಆಟಿಕೆಯಲ್ಲ, ದೊಡ್ಡವರೂ ಹುಚ್ಚು ಹಿಡಿಸಿಕೊಳ್ಳುವಂಥ ಗಟ್ಟಿ ಕಾರು. ಪುಟ್ಟಿ ಅದನ್ನು ಹೊರಗೆ ಎತ್ತಿಟ್ಟು, ಅದರ ರಟ್ಟಿನ ಪೆಟ್ಟಿಗೆಯೊಳಗೆ ಸಂಸಾರ ಹೂಡಿದಳು. ಅನಾಥವಾದ ಕಾರನ್ನು ಅತ್ತೆ ಸಾಕಿಕೊಂಡರು. ಬೀಗಿತ್ತಿ ಅಂಗಳದಲ್ಲಿ ಕಾರು ಓಡಿಸುವುದನ್ನು ಬೇಲಿಯಾಚೆಯಿಂದ ನೋಡಿದ ಅಪ್ಪನಿಗೆ ಆ ವಾರ ಅನ್ನ ಸೇರಲಿಲ್ಲ. ಮುಂದಿನ ಭಾನುವಾರ ತಾವೂ ಒಂದು ಹಳೆಯ ಕಾರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅವತ್ತಿನಿಂದ ಪಂದ್ಯ. ಪಂದ್ಯ ನಡೆಯುತ್ತಿರುವಷ್ಟು ಹೊತ್ತು ಮನೆ ಸ್ವರ್ಗ. ಸೊಸೆ ಒಳಗೆ ಗೊರಕೆ.

ಆದರೆ ಹಳೆಯ ನಿಕಲ್ ಬ್ಯಾಟರಿಗಳು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಓಡಿ, ಚಹಾ ಗಿಡ ನೆಟ್ಟು ಬೆಳೆಸುವಷ್ಟು ಹೊತ್ತು ಚಾರ್ಜಿಗೆ ಕೂರುತ್ತಿದ್ದವು. ಕೈಯಲ್ಲಿ ಕೆಲಸವಿಲ್ಲದ ಆ ಹೊತ್ತಿನಲ್ಲಿ ಇಬ್ಬರ ಕಣ್ಣೂ ಮೆಲ್ಲಗೆ ಗೋಡೆಯ ಫೋಟೋದ ಕಡೆಗೆ ಹೋಗುತ್ತಿತ್ತು. ಮತ್ತೆ ಕೋಟು, ಮತ್ತೆ ಗುಂಡಿ. ಸೊಸೆಯ ನಿದ್ದೆ ಹರಿದು ಮೂರು ಚೂರು. ಕಳೆದ ಭಾನುವಾರವಂತೂ ಅಪ್ಪ, ಇನ್ನೊಂದು ಸಲ ಹೀಗಾದರೆ ಈ ಹೊಸ್ತಿಲು ತುಳಿಯೋದಿಲ್ಲ ಎಂದು ಚಪ್ಪಲಿ ಅದಲು ಬದಲಾಗಿ ಹಾಕಿಕೊಂಡು ಹೋಗಿದ್ದರು.

ಅದಕ್ಕೇ ಸೊಸೆ ನಿರ್ಧರಿಸಿದಳು: ಲಿಥಿಯಂ ಬ್ಯಾಟರಿ ಕೊಡಿಸಬೇಕು. ಜಾಸ್ತಿ ಓಡುತ್ತೆ, ಬೇಗ ತುಂಬುತ್ತೆ ಅಂತೆ. ಎರಡು ಬ್ಯಾಟರಿ, ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಒಬ್ಬರಿಗೆ ಒಂದು ಹನಿ ಹೆಚ್ಚು ಕೊಟ್ಟರೂ ತವರಿಗೆ ಕೊಟ್ಟಳು, ಗಂಡನ ಮನೆಗೆ ಕೊಟ್ಟಳು ಎಂದು ಅವಳ ತಿಥಿಯಾಗುತ್ತಿತ್ತು.

ಅತ್ತೆ ತಮ್ಮ ಕಾರಿನ ಹೊಟ್ಟೆ ಬಿಚ್ಚಿ, ಬ್ಯಾಟರಿ ಕೂರುವ ಗೂಡನ್ನು ಟೇಪಿನಲ್ಲಿ ಅಳೆದು ಅಳತೆ ಹೇಳಿದರು. ಅಪ್ಪನ ಕಾರಿನ ಗೂಡು ಹಳೆ ಕಾಲದ್ದು, ಅಡುಗೆ ಮನೆಯಷ್ಟು ವಿಶಾಲ. ಅಲ್ಲಿಗೆ ಏನು ಹಾಕಿದರೂ ಹಿಡಿಯುತ್ತಿತ್ತು.

ರಿಮೋಟ್ ಕಾರಿನ ಸಾಮಾನು ಮಾರುವವನಿಗೆ ಗಿರಾಕಿಗಳು ಇಟ್ಟ ಹೆಸರು ಸ್ಕ್ರೂ. ತಲೆಯಲ್ಲಿ ಒಂದು ಸಡಿಲವೋ, ಒಂದು ಹೆಚ್ಚೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಸೊಸೆ ಹೋಗಿ, ಅತ್ತೆ ಹೇಳಿದ ಅಳತೆ ಕೊಟ್ಟು, ಎರಡು ಒಂದೇ ಥರದ ಬ್ಯಾಟರಿ ಕೊಡಿ ಅಂದಳು. ಅವನು ಕನ್ನಡಕ ಮೇಲೇರಿಸಿ ಹೆಣ್ಣು ನೋಡಲು ಬಂದವನ ಹಾಗೆ ಪ್ರಶ್ನೆ ಕೇಳತೊಡಗಿದ. ಕಾರಿನ ವೇಗ ಹಿಡಿಯುವ ಪೆಟ್ಟಿಗೆ ಲಿಥಿಯಂ ಒಪ್ಪುತ್ತಾ? ಬಾಯಿ, ಅಂದರೆ ವೈರಿನ ತುದಿಯ ಪಿನ್ನು, ಯಾವ ಥರದ್ದು? ಗಟ್ಟಿ ಚಿಪ್ಪಿನದು ಬೇಕಾ, ಮೆತ್ತಗಿನದಾ? ಎರಡು ಸೆಲ್ಲಾ, ಮೂರಾ?

ಮೂರು ಸೆಲ್ ಹಾಕಿದರೆ ಯಾರು ಗೆಲ್ಲುತ್ತಾರೆ ಎಂದು ಸೊಸೆ ಕೇಳಿದಳು.

"ಯಾರೂ ಗೆಲ್ಲಲ್ಲಮ್ಮ. ಮೊದಲ ಸಲದೋರು ಮೂರು ಹಾಕಿದ್ರೆ ಕಾರು ಓಡಲ್ಲ, ಹಾರುತ್ತೆ. ಆಮೇಲೆ ಮೊರ ತಗೊಂಡು ಹೋಗಿ ಚೂರು ಆರಿಸ್ಕೋಬೇಕು. ಎರಡು ಸೆಲ್ಲಿಂದು, ಗಟ್ಟಿ ಚಿಪ್ಪಿಂದು ತಗೊಳ್ಳಿ. ಗೋಡೆಗೆ ಗುದ್ದಿದ್ರೂ ತಡ್ಕೊಳ್ಳುತ್ತೆ."

ಗೋಡೆಗೆ ಗುದ್ದುವುದು ಖಂಡಿತವಾಗಿದ್ದರಿಂದ ಸೊಸೆ ಒಪ್ಪಿದಳು. ಜೊತೆಗೆ ಎರಡೂ ಸೆಲ್ಲನ್ನು ಸಮನಾಗಿ ತುಂಬುವ ಒಂದು ಚಾರ್ಜರ್. ಚೀಲಕ್ಕೆ ಹಾಕುತ್ತ ಸ್ಕ್ರೂ ಬೋಧನೆ ಮಾಡಿದ: ಲಿಥಿಯಂ ಅಂದರೆ ಹೊಸ ಅಳಿಯ ಇದ್ದ ಹಾಗೆ. ಪೂರ್ತಿ ಹಸಿವಿಗೆ, ಅಂದರೆ ಕರೆಂಟೆಲ್ಲ ಖಾಲಿಯಾಗುವವರೆಗೆ, ಬಿಡಬಾರದು. ಉಣ್ಣುವಾಗ ಒಂಟಿ ಬಿಟ್ಟು ಹೋಗಬಾರದು, ಪಕ್ಕದಲ್ಲಿ ಕೂತಿರಬೇಕು. ಮುಖ ಊದಿಸಿಕೊಂಡರೆ ಮತ್ತೆ ತಿನ್ನಿಸಲು ಹೋಗದೆ, ಮರಳಿನ ಬಕೆಟ್ಟಿನಲ್ಲಿಟ್ಟು ತನಗೆ ತಂದು ಕೊಡಬೇಕು.

ಈ ಮೂರೂ ಮಾತನ್ನು ಸೊಸೆ ಅಪ್ಪನಿಗೆ ಒಪ್ಪಿಸಿದಳು. ಅಪ್ಪ ಕಾವಲುಗಾರರ ವಾಕಿಟಾಕಿಗಳನ್ನು ರಿಪೇರಿ ಮಾಡುತ್ತಲೇ ನಿವೃತ್ತರಾದವರು. ತಮ್ಮ ಕಾರಿನ ವೇಗದ ಪೆಟ್ಟಿಗೆಯಲ್ಲಿ ಲಿಥಿಯಂ ಎಂಬ ಕಡೆಗೆ ಚಿಕ್ಕ ಪಿನ್ನನ್ನು ಸರಿಯಾಗಿಯೇ ಬದಲಿಸಿದರು. ಆದರೆ ಬ್ಯಾಟರಿಯ ಬಗ್ಗೆ ಮಗಳು ಬಾಯಿ ತೆರೆದದ್ದು ಅವರಿಗೆ ಸಹಿಸಲಾಗಲಿಲ್ಲ.

"ನಂಗೆ ಹೇಳ್ಕೊಡ್ತೀಯೇನೇ? ನಿಂಗೆ ಹಲ್ಲು ಬರೋಕೆ ಮುಂಚೆ ನಾನು ಬ್ಯಾಟರಿಗಳನ್ನ ಮಲಗ್ಸಿ ಎಬ್ಬಿಸ್ತಿದ್ದೆ."

ಭಾನುವಾರ ಬಂತು. ಸೊಸೆ ಉಂಡ ತಟ್ಟೆಯನ್ನೂ ಎತ್ತದೆ ಹಾಸಿಗೆ ಸೇರಿದಳು. ಕಣ್ಣು ಮುಚ್ಚುವಷ್ಟರಲ್ಲಿ ನಡುಮನೆಯಿಂದ ಮುಲುಕಾಟ ಕೇಳಿಸಿತು. ಅತ್ತೆ ಬ್ಯಾಟರಿಯನ್ನು ಕಾರಿನೊಳಗೆ ತುರುಕುತ್ತಿದ್ದರು, ಬಾತ ಕಾಲನ್ನು ಹಳೆ ಬೂಟಿಗೆ ತೂರಿಸುವವರಂತೆ. ಉದ್ದ ಹಿಡಿದರೂ ಹೋಗದು, ಓರೆ ಹಿಡಿದರೂ ಹೋಗದು. ಒಗೆದ ಬಟ್ಟೆ ಕುಗ್ಗುವ ಹಾಗೆ ಕಾರೇ ಕುಗ್ಗಿರಬೇಕು ಎಂದು ಅತ್ತೆ ಗೊಣಗಿದರು. ಪುಟ್ಟಿ ಪೆಟ್ಟಿಗೆಯಿಂದ ತಲೆ ಹೊರಹಾಕಿ, ಅಜ್ಜಿ ಅದಕ್ಕೆ ಎಣ್ಣೆ ಹಚ್ಚು ಎಂದು ಸಲಹೆ ಕೊಟ್ಟು ಒಳಗೆ ಹೋದಳು.

ಬಾಗಿಲಲ್ಲಿ ಅಪ್ಪನ ಕೆಮ್ಮು. ಅತ್ತೆ ಕಾರನ್ನೂ ಬ್ಯಾಟರಿಯನ್ನೂ ಸೆರಗಿನಡಿಗೆ ಸೇರಿಸಿ, ಏನೂ ಆಗಿಲ್ಲ ಎಂಬ ಮುಖ ಮಾಡಿ ಕೂತರು. ಅಪ್ಪನ ಕಂಕುಳಲ್ಲಿ ಕಾರು, ಮುಖದಲ್ಲಿ ವಿಜಯ. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಬ್ಯಾಟರಿಯನ್ನು ಹೊಸ ಚಾರ್ಜರಿಗೆ ಸಿಕ್ಕಿಸಿದರು. ಚಾರ್ಜರ್ ಕೀ ಕೀ ಎಂದು ಬೈದು ಆರಿಹೋಯಿತು. ಮತ್ತೆ ಸಿಕ್ಕಿಸಿದರು, ಮತ್ತೆ ಬೈಗುಳ.

ನಡೆದದ್ದಿಷ್ಟು. ಅಂಗಡಿಯವನು ತುಂಬಿದ ಹಳಸಲು ಕರೆಂಟಿನ ಮೇಲೆ ಹೊಸ ಕರೆಂಟು ತುಂಬುವುದು ಅಪ್ಪನ ಜಾಯಮಾನಕ್ಕೆ ಒಗ್ಗದ ಕೆಲಸ. ವಾಕಿಟಾಕಿ ಕಾಲದಲ್ಲಿ ಪ್ರತಿ ಶನಿವಾರ ಬ್ಯಾಟರಿಗಳ ಬಾಲಕ್ಕೆ ಬಲ್ಬು ಕಟ್ಟಿ, ಬಲ್ಬು ಕಪ್ಪಾಗುವವರೆಗೆ ಹಿಂಡಿ ತೆಗೆಯುತ್ತಿದ್ದರು. ಆ ಕಾಲದ ಬ್ಯಾಟರಿಗೆ ಅದು ಮದ್ದು. ನಿನ್ನೆ ಶನಿವಾರ, ಇದಕ್ಕೂ ಅದೇ ಮದ್ದು ಮಾಡಿದ್ದರು. ಕಾರಿನಲ್ಲಾದರೆ ಕರೆಂಟು ತೀರಾ ಇಳಿಯುವ ಮೊದಲೇ ವೇಗದ ಪೆಟ್ಟಿಗೆ ಸಾಕು ಎನ್ನುತ್ತಿತ್ತು. ಬಲ್ಬಿಗೆ ಆ ಬುದ್ಧಿಯಿಲ್ಲ; ಹೊಸ ಅಳಿಯನನ್ನು ಅದು ಪೂರ್ತಿ ಹಸಿವಿಗೆ ಇಳಿಸಿಬಿಟ್ಟಿತ್ತು.

ಅಪ್ಪನಿಗೆ ಇದು ಹೊಳೆಯಲಿಲ್ಲ, ಬೇರೆ ಏನೋ ಹೊಳೆಯಿತು. ಕೋಟಿನಲ್ಲಿ ಆದದ್ದೇ ಇಲ್ಲೂ ಆಗಿದೆ, ಕೆಟ್ಟದ್ದನ್ನು ಆರಿಸಿ ತನಗೆ ದಾಟಿಸಿದ್ದಾರೆ ಎಂದು ಅವರು ಗೋಡೆಯ ಫೋಟೋಗೆ ಹೇಳಿದರು. ಫೋಟೋಗೆ ಹೇಳಿದ್ದಕ್ಕೆ ಅತ್ತೆಯೂ ಫೋಟೋಗೇ ಉತ್ತರ ಕೊಟ್ಟರು. ಸೊಸೆ ದಿಂಬನ್ನು ಕಿವಿಗೆ ಒತ್ತಿಕೊಂಡಳು. ಈ ಭಾನುವಾರ ಹೋಯಿತು. ಅಪ್ಪ ಹೊಸ್ತಿಲು ದಾಟಿದರೆ ಮುಂದಿನ ಭಾನುವಾರಗಳೂ ಹೋದವು. ಎದ್ದು ಹೊರಗೆ ಬಂದಳು, ತಲೆ ಹುಲ್ಲು ಮೆದೆ, ಒಂದು ಕಣ್ಣು ಮಾತ್ರ ತೆರೆದಿತ್ತು.

ಅಷ್ಟು ಹೊತ್ತಿಗೆ ಅಪ್ಪ ಚಾರ್ಜರಿನ ಗುಂಡಿ ಒತ್ತಿ ಒತ್ತಿ ಅದನ್ನು ನಿಕಲ್ ಎಂಬಲ್ಲಿಗೆ ತಂದಿದ್ದರು. ಇದು ಹಳೆ ಬ್ಯಾಟರಿ ಎಂದು ಯಂತ್ರಕ್ಕೆ ಸುಳ್ಳು ಹೇಳಿ ತುಂಬಿಸುವ ಉಪಾಯ. ಯಂತ್ರ ನಂಬಿತು. ಹಸಿರು ದೀಪ ಹತ್ತಿತು. ಅಪ್ಪ ಹುಬ್ಬು ಹಾರಿಸಿ ಬೀಗಿತ್ತಿಯ ಕಡೆ ನೋಡಿದರು.

ಅತ್ತೆ ಅವರ ಹುಬ್ಬು ನೋಡಲಿಲ್ಲ. ಬ್ಯಾಟರಿಯ ಚಿಪ್ಪಿನ ಅಂಚನ್ನು ನೋಡುತ್ತಿದ್ದರು. ಎರಡು ಭಾಗ ಕೂಡಿಸಿದ ಆ ಗೆರೆ ನಡುವಿನಲ್ಲಿ ಮೆಲ್ಲಗೆ ಬಾಯಿ ಬಿಡುತ್ತಿತ್ತು. ಬಿಗಿಯಾದ ಬಟ್ಟೆ ಯಾವಾಗ ಹರಿಯುತ್ತದೆ ಎಂಬುದನ್ನು ಅವರಷ್ಟು ದುಬಾರಿಯಾಗಿ ಕಲಿತವರು ಯಾರೂ ಇರಲಿಲ್ಲ.

"ಬೀಗ್ರೇ, ಹೊಲಿಗೆ ಬಿಡ್ತಿದೆ."

ಅಪ್ಪ ಕೈಯನ್ನು ಥಟ್ಟನೆ ತಮ್ಮ ಅಂಗಿಯ ಗುಂಡಿಗೆ ಒಯ್ದರು. ಅಷ್ಟರಲ್ಲಿ ಅತ್ತೆ ಸೆರಗಿನ ಗಂಟನ್ನು ಒಂದು ಕೈಯಲ್ಲಿ ಅವುಚಿಕೊಂಡೇ, ಮಂಡಿ ನೋವನ್ನು ಮರೆತು ಹಾರಿ, ಗೋಡೆಯಿಂದ ಪ್ಲಗ್ ಕಿತ್ತಿದ್ದರು. ಸೊಸೆ ಒಲೆಯಿಂದ ಬ್ರೆಡ್ ತೆಗೆಯುವ ದಪ್ಪ ಕೈಗವಸು ತೊಟ್ಟು ಬ್ಯಾಟರಿಯನ್ನು ಅಂಗಳಕ್ಕೆ ಒಯ್ದು, ಸ್ಕ್ರೂ ಹೇಳಿದಂತೆ ತುಂಬಿಟ್ಟಿದ್ದ ಮರಳಿನ ಬಕೆಟ್ಟಿನಲ್ಲಿ ಇಳಿಸಿದಳು. ಹೊಟ್ಟೆ ಉಬ್ಬಿದ ಆ ಬ್ಯಾಟರಿ ಫೋಟೋದ ಅಪ್ಪನಂತೆಯೇ ಕಾಣುತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಪುಟ್ಟಿ ಹೇಳಿದಳು.

ನಗು ಬಂದದ್ದಕ್ಕೆ ಅತ್ತೆಯ ಸೆರಗು ಜಾರಿತು, ಅಡಿಯಲ್ಲಿದ್ದ ಕಾರು ಮತ್ತು ಬ್ಯಾಟರಿ ಬೇರೆ ಬೇರೆಯಾಗಿ ಉರುಳಿದವು. ಈಗ ಬಗ್ಗುವ ಸರದಿ ಅಪ್ಪನದು. ಬಗ್ಗಿದರು, ಗೂಡಿಗೆ ಬ್ಯಾಟರಿ ಹಿಡಿದು ನೋಡಿದರು.

"ಎರಡು ಬೆರಳು ಜಾಸ್ತಿ ಉದ್ದ ಇದೆಯಲ್ಲ ಬೀಗಿತ್ತಿಯವರೇ. ದರ್ಜಿ ಅಳತೆ?"

"ಗೂಡಿನ ಅಳತೆ ಸರಿಯಾಗೇ ಇತ್ತು. ಮೇಲೆ ಎರಡು ಬೆರಳು ನಾನೇ ಸೇರಿಸ್ದೆ."

"ಯಾಕೆ?"

"ನಿಮ್ಮ ಆ ಕೋಟು ಆದ್ಮೇಲೆ ಎರಡು ಬೆರಳು ಸೇರಿಸದೇ ಯಾವ ಅಳತೇನೂ ನನ್ನ ಬಾಯಿಂದ ಬಂದಿಲ್ಲ. ದಿಂಬಿನ ಚೀಲಕ್ಕೂ ಸೇರಿಸ್ತೀನಿ."

ಕಿವಿ ಕೇಳಿಸಲಿಲ್ಲ ಎಂದು ನಟಿಸೋಣವೆಂದರೆ ಅತ್ತೆ ಗಟ್ಟಿಯಾಗಿಯೇ ಹೇಳಿದ್ದರು. ಅಪ್ಪ ಚಪ್ಪಲಿಯ ಕಡೆ ನೋಡಿದರು. ಆ ನೋಟ ಸೊಸೆಗೆ ಗೊತ್ತು. ತೆರೆದಿದ್ದ ಒಂದು ಕಣ್ಣಿನಿಂದಲೇ ಅವಳು ನೆಲದ ಮೇಲಿನ ಲೆಕ್ಕ ಹಾಕಿದಳು: ಬ್ಯಾಟರಿಯಿಲ್ಲದ ಒಂದು ದೊಡ್ಡ ಕಾರು, ಕಾರಿಗೆ ಹಿಡಿಸದ ಒಂದು ದೊಡ್ಡ ಬ್ಯಾಟರಿ. ಹಿಟ್ಟು ಹೆಚ್ಚಾದರೆ ನೀರು, ನೀರು ಹೆಚ್ಚಾದರೆ ಹಿಟ್ಟು; ಅವಳಿಗೆ ತಿಳಿದ ವಿದ್ಯೆ ಅದೊಂದೇ. ಅತ್ತೆಯ ಬ್ಯಾಟರಿಯನ್ನು ಅಪ್ಪನ ಕಾರಿನ ಹೊಟ್ಟೆಗೆ ಇಟ್ಟು ನೋಡಿದಳು. ಪಕ್ಕದಲ್ಲಿ ಒಂದು ಸ್ಪಂಜಿನ ಚೂರು ಸೇರಿಸಿದರೆ ಅಳ್ಳಾಡದಂತೆ ಕೂರುತ್ತಿತ್ತು. ಹೊರತೆಗೆದು, ಚಾರ್ಜರನ್ನು ಲಿಥಿಯಂ ಎಂಬಲ್ಲಿಗೆ ತಿರುಗಿಸಿ ಸಿಕ್ಕಿಸಿದಳು.

"ಕಾರು ಅಪ್ಪಂದು, ಬ್ಯಾಟರಿ ಅತ್ತೇದು. ಒಬ್ಬರಾದ ಮೇಲೆ ಒಬ್ಬರು ಓಡಿಸಿ, ಗಡಿಯಾರ ನೋಡ್ಕೊಳ್ಳಿ. ಇದು ತುಂಬೋವರೆಗೂ ಇಬ್ರೂ ಇಲ್ಲಿಂದ ಕದಲೋ ಹಾಗಿಲ್ಲ. ಅತ್ತೆ ಹೊಲಿಗೆ ನೋಡ್ಲಿ, ಅಪ್ಪ ದೀಪ ನೋಡ್ಲಿ. ನಾನು ಸತ್ತೆ ಅಂದ್ಕೊಳ್ಳಿ."

ಒಳಗೆ ಹೋಗಿ ಬಿದ್ದಳು.

ಅವಳಿಗೆ ಎಚ್ಚರವಾದದ್ದು ಸದ್ದಿಲ್ಲದ್ದಕ್ಕೆ. ಆ ಮನೆಯಲ್ಲಿ ಸದ್ದಿಲ್ಲ ಎಂದರೆ ಒಂದೋ ಬೆಂಕಿ ಬಿದ್ದಿದೆ, ಇಲ್ಲವೇ ಅಪ್ಪ ಹೋಗಿದ್ದಾರೆ. ಬಾಗಿಲ ಸಂದಿಯಿಂದ ಇಣುಕಿದಳು. ಪುಟ್ಟಿ ಪೆಟ್ಟಿಗೆಯಲ್ಲಿ ಕಾಲು ಹೊರಗೆ ಚಾಚಿ ಮಲಗಿದ್ದಳು. ಚಾರ್ಜರ್ ನಡುವೆ ಹಸಿರಾಗಿ ಮಿನುಗುತ್ತಿತ್ತು. ಅಪ್ಪ ಕೈ ಎತ್ತಿ, ಒಂದು ಕಣ್ಣು ದೀಪದ ಮೇಲಿಟ್ಟು ನಿಂತಿದ್ದರು. ಅತ್ತೆ ಅವರ ಸೊಂಟಕ್ಕೆ ಟೇಪು ಸುತ್ತಿ, ಮಗು ಏಳದ ಹಾಗೆ ಪಿಸುದನಿಯಲ್ಲಿ ಗದರುತ್ತಿದ್ದರು.

"ಉಸಿರು ಬಿಡಿ ಬೀಗ್ರೇ."

"ಬಿಟ್ಟೇ ಇದೀನಿ."

ಅತ್ತೆ ಟೇಪು ಹಿಡಿದು ಕಾದರು. ದೀಪ ಮಿನುಗಿತು. ಸ್ವಲ್ಪ ಹೊತ್ತಿಗೆ ಅಪ್ಪನ ಬಾಯಿಂದ ಬುಸ್ಸೆಂದು ಗಾಳಿ ಹೊರಟಿತು, ಟೇಪು ಅತ್ತೆಯ ಬೆರಳುಗಳ ನಡುವೆ ಸರಸರನೆ ಜಾರಿ ಉದ್ದವಾಯಿತು.

ಅತ್ತೆ ಅಳತೆ ಓದಿಕೊಂಡು, ಅದರ ಮೇಲೆ ಎರಡು ಬೆರಳು ಇಟ್ಟು ಗುರುತು ಮಾಡಿದರು. ಸೊಸೆ ಸದ್ದಾಗದಂತೆ ಬಾಗಿಲು ಮುಚ್ಚಿ, ಉಳಿದಿದ್ದ ಭಾನುವಾರವನ್ನು ಕತ್ತಿನವರೆಗೆ ಹೊದ್ದುಕೊಂಡಳು.