ಹತ್ತೊಂಬತ್ತನೆಯ ಸಾಲು

ಕಾಲೇಜಿನ ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಲಿಫ್ಟ್ ಕೆಟ್ಟು ತಿಂಗಳಾಗಿತ್ತು. ಅವಳು ತಾತ್ಕಾಲಿಕ ಉಪನ್ಯಾಸಕಿಯಾಗಿ ಹನ್ನೊಂದು ವರ್ಷ. ಕಾಯಂ ಹುದ್ದೆಯ ಸಂದರ್ಶನ ನಾಳೆ. ಅದಕ್ಕಿದ್ದ ಆಧಾರ ಒಂದೇ, ತನಗೆ ಗಣಿತ ಕಲಿಸಿದ ಮೇಷ್ಟ್ರ ಜೊತೆ ಬರೆದ ಲೇಖನ: ಮಾಡ್ಯುಲರ್ ಎಂಬ ಬಗೆಯ ಒಂದು ಫಲನದ ಎಂಟನೆಯ ಘಾತ, ಇನ್ನೆರಡರ ನಾಲ್ಕನೆಯ ಘಾತಗಳ ಮೊತ್ತಕ್ಕೆ ಸಮ ಎಂಬ ಪ್ರಮೇಯ. ಗಣಿತ ಪತ್ರಿಕೆಯವರು ಅದನ್ನು ಅಚ್ಚಿಗೆ ಒಪ್ಪಿದ್ದೂ ಆಗಿತ್ತು.

ಮೇಷ್ಟ್ರು ತಮ್ಮ ಕೋಣೆಯ ಕಿಟಕಿಯ ಬಳಿ ಕನ್ನಡಕ ಒರೆಸುತ್ತಿದ್ದರು. ಅವಳು ಸಮೀಕರಣದ ಎರಡೂ ಬದಿಯ ಗುಣಾಂಕಗಳನ್ನು ಸಾಲಾಗಿ ಅಚ್ಚು ಹಾಕಿದ್ದ ಹಾಳೆ ಮುಂದಿಟ್ಟಳು.

"ಹತ್ತೊಂಬತ್ತನೇ ಸಾಲು ನೋಡಿ ಸರ್."

ಎಡಗಡೆ ಅರವತ್ತನಾಲ್ಕು, ಬಲಗಡೆ ಎಪ್ಪತ್ತೆರಡು. ಎರಡೂ ಒಂದೇ ಇರಬೇಕಿತ್ತು.

ಇಂಥ ಸಮೀಕರಣದ ಎರಡು ಬದಿಯೂ ಮುಗಿಯದ ಸರಣಿಗಳು. ಆದರೆ ಕೊನೆತನಕ ಹೋಗಬೇಕಿಲ್ಲ. ಫಲನಗಳ ಮಟ್ಟ ಎಂಬ ಸಂಖ್ಯೆ ನೋಡಿ ಒಂದು ಮಿತಿ ಹಾಕುತ್ತಾರೆ. ಅಲ್ಲಿಯವರೆಗೆ ಗುಣಾಂಕಗಳು ಹೊಂದಿದರೆ ಮುಂದೆಯೂ ಹೊಂದಲೇಬೇಕು. ಮಟ್ಟ ಇಪ್ಪತ್ತು, ಮಿತಿ ಹನ್ನೆರಡು ಎಂದು ಇಬ್ಬರೂ ನಂಬಿದ್ದರು.

"ಹನ್ನೆರಡಕ್ಕೆ ನಿಲ್ಲೋಕೆ ನಿನಗೇನಾಗಿತ್ತು?"

"ಹಾಳೇಲಿ ಜಾಗ ಇತ್ತು ಸರ್. ಅದು ತುಂಬೋವರೆಗೂ ಪ್ರಿಂಟರ್ ಅಚ್ಚು ಹಾಕ್ತು."

ಮೇಷ್ಟ್ರು ಲೇಖನದ ಪುಟ ತಿರುವಿದರು. ಬೆರಳು ಒಂದು ಕಡೆ ನಿಂತಿತು. ನೋಡಲು ಚೆಂದವೆಂದು ಒಂದು ಫಲನದಲ್ಲಿ ಕ್ಯೂ ಎಂಬ ಚರಾಕ್ಷರ ಇದ್ದಲ್ಲೆಲ್ಲ ಅದರ ವರ್ಗ ಹಾಕಿದ್ದು ಅವರೇ. ಹಾಗೆ ಹಾಕಿದರೆ ಮಟ್ಟ ಇಮ್ಮಡಿಸಿ ನಲವತ್ತಾಗುತ್ತದೆ, ಮಿತಿ ಇಪ್ಪತ್ತನಾಲ್ಕಕ್ಕೆ ಏರುತ್ತದೆ. ಅವಳು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಮಾತೇ.

"ನಂದೇ ಘನಂದಾರಿ ಕೆಲಸ," ಎಂದರು. ಆಮೇಲೆ ದನಿ ತಗ್ಗಿಸಿ, "ಪತ್ರಿಕೆಯವರಿಗೆ ನಾಡಿದ್ದು ಬರೆಯೋಣ. ನಾಳೆ ನಿನ್ನದೊಂದು ದಡ ಸೇರಲಿ."

"ಮೆಟ್ಟಿಲು ಹತ್ತುತ್ತಾ ನಾನೂ ಅದನ್ನೇ ಅಂದ್ಕೊಂಡೆ."

"ಮತ್ತೆ?"

"ಎರಡನೇ ಮಹಡೀಲಿ ಆ ಯೋಚನೆಗೂ ಸುಸ್ತಾಯ್ತು. ಕಾಯಂ ಆದ್ರೆ ಇನ್ನು ಇಪ್ಪತ್ತು ವರ್ಷ ಇದನ್ನ ಹೊತ್ಕೊಂಡೇ ಹತ್ತಬೇಕಲ್ಲ ಸರ್."

ಮೇಷ್ಟ್ರು ಪೆನ್ನು ತೆಗೆದರು. ಪ್ರಮೇಯ ತಪ್ಪು, ಲೇಖನ ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದು ಪತ್ರಿಕೆಗೆ ಎರಡೇ ಸಾಲು ಬರೆದು, ಸಹಿ ಹಾಕಿ, ಅವಳ ಕಡೆ ಸರಿಸಿದರು. ಅವಳೂ ಹಾಕಿದಳು, ನಿಧಾನವಾಗಿ.

"ನಾಳೆ ಏನು ಹೇಳ್ತೀಯ?"

"ಲೇಖನ ಇಲ್ಲ ಅಂತ."

"ಹಾಗಂದ್ರೆ ಕೆಲಸ ಕೊಡಲ್ಲ ತಾಯಿ."

"ಗೊತ್ತು."

ಮೇಷ್ಟ್ರು ಗುಣಾಂಕಗಳ ಹಾಳೆಯನ್ನು ಮತ್ತೆ ಎಳೆದುಕೊಂಡು ಎರಡು ಬದಿಗಳ ವ್ಯತ್ಯಾಸವನ್ನು ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದರು. ಹದಿನೆಂಟರವರೆಗೆ ಸೊನ್ನೆ, ಆಮೇಲೆ ಎಂಟು, ಮತ್ತೆ ಸೊನ್ನೆ.

"ಈ ವ್ಯತ್ಯಾಸಕ್ಕೂ ಏನೋ ಒಂದು ರೂಪ ಇರೋ ಹಾಗಿದೆ, ನೋಡು."

"ಇರಲಿ ಸರ್," ಎಂದು ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. "ಇವತ್ತು ನನ್ನ ಕೈಲಾಗಲ್ಲ."